ಐವತ್ತೆರಡನೇ ಪ್ರಶ್ನೆಗೆ ನಾನು ಬರೆದ ‘ಇಲ್ಲ’

ನನ್ನ ಸ್ವಭಾವ ಎಂಥದ್ದು ಎಂದು ಬರೆದುಕೊಟ್ಟ ಕಾಗದವೊಂದು ನನ್ನ ಬಳಿ ಇದೆ. ಟೈಪು ಹೊಡೆದದ್ದು, ಇಂಗ್ಲಿಷಿನದು, ನಾಲ್ಕೇ ಸಾಲು. ಕನ್ನಡದಲ್ಲಿ ಹೇಳಿದರೆ ಹೀಗೆ: ಮನಸ್ಸು ಸ್ಥಿರವಾಗಿದೆ. ನಿಜ ಹೇಳುವವನು. ಹೊಣೆ ಹೊರಬಲ್ಲ. ಜನರನ್ನು ನಿಭಾಯಿಸುವ ಕೆಲಸಕ್ಕೆ ತಕ್ಕವನು. ಈ ನಾಲ್ಕು ಸಾಲಿನ ಬಲದ ಮೇಲೆ ಪೀಣ್ಯದ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಿವೃತ್ತಿಯಾಗುವವರೆಗೂ ಕೆಲಸ ಮಾಡಿದೆ. ಎರಡನೇ ಸಾಲು ಸುಳ್ಳು ಎಂದು ಕಾಗದ ಕೈಗೆ ಬಂದ ದಿನವೇ ನನಗೆ ಗೊತ್ತಿತ್ತು.

ಆ ಸುಳ್ಳು ನನ್ನೊಬ್ಬನ ಹತ್ತಿರವೇ ಉಳಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ನಮ್ಮ ಊರು ಈಗಿನ ರಾಜಗೋಪಾಲನಗರದ ಪಕ್ಕಕ್ಕೆ ಬರುತ್ತದೆ. ಆಗ ಅದನ್ನು ಊರು ಎನ್ನುತ್ತಿದ್ದೆವು, ಈಗ ಅಡ್ಡರಸ್ತೆಯ ನಂಬರು ಹೇಳುತ್ತಾರೆ. ಅಪ್ಪನಿಗೆ ರಾಗಿ ಹೊಲವಿತ್ತು, ಮೂರು ಎಮ್ಮೆ ಇದ್ದವು. ಬೆಳಿಗ್ಗೆ ಎದ್ದು ಜಾಲಹಳ್ಳಿಯ ಕ್ವಾರ್ಟರ್ಸುಗಳಿಗೆ ಹಾಲು ಹಾಕಿ, ಕ್ಯಾನು ಮನೆಯಲ್ಲಿಟ್ಟು, ಬಸ್ಸು ಹಿಡಿದು ಮಲ್ಲೇಶ್ವರದ ಕಾಲೇಜಿಗೆ ಹೋಗುತ್ತಿದ್ದೆ. ಅಂಗಿಯ ತೋಳಿಗೆ ಹಾಲಿನ ವಾಸನೆ ಇರುತ್ತಿತ್ತು, ಪಕ್ಕದಲ್ಲಿ ಕೂತವರು ಸರಿದುಕೊಳ್ಳುತ್ತಿದ್ದರು. ಆ ಕ್ವಾರ್ಟರ್ಸುಗಳ ಗೇಟಿನಲ್ಲಿ ಹೆಸರಿನ ಬೋರ್ಡುಗಳಿದ್ದವು. ಹೆಸರು, ಅದರ ಹಿಂದೆ ಬಿ.ಇ., ಬಿ.ಎಸ್ಸಿ., ಎಂ.ಎ. ನಾನು ಹಾಲು ಸುರಿಯುವಾಗ ಪಾತ್ರೆ ನೋಡುತ್ತಿರಲಿಲ್ಲ, ಬೋರ್ಡು ನೋಡುತ್ತಿದ್ದೆ. ಚೆಲ್ಲಿ ಬೈಸಿಕೊಂಡದ್ದೂ ಉಂಟು.

ಬಿ.ಎ. ಪಾಸಾದ ವಾರ ನಮ್ಮ ಮನೆಯ ಬಾಗಿಲ ಮೇಲೆ ಬಿಳಿ ಪೇಂಟಿನಲ್ಲಿ ನನ್ನ ಹೆಸರು ಬರೆದು ಹಿಂದೆ ಬಿ.ಎ. ಎಂದು ಹಾಕಿದೆ. ನಮ್ಮ ವಂಶದಲ್ಲಿ ಹೆಸರಿನ ಹಿಂದೆ ಏನಾದರೂ ಬಂದದ್ದು ಅದೇ ಮೊದಲು. ಅಪ್ಪ ಎಮ್ಮೆ ಹೊಡೆದುಕೊಂಡು ಬಂದವನು ನಿಂತು ನೋಡಿದ.

“ಏನ್ಲಾ ಅದು ಇಂದ್ಗಡೆ?”

“ಡಿಗ್ರಿ ಅಪ್ಪ. ಬಿ.ಎ.”

“ಬಾಲ ಅನ್ನು. ಎಮ್ಮೆಗೂ ಐತೆ, ಈಗ ನಿಂಗೂ ಬಂತು,” ಎಂದು ಕೊಟ್ಟಿಗೆಗೆ ಹೋದ. ಆದರೆ ಮರುದಿನ ಮಧ್ಯಾಹ್ನ ಅವನೇ ಒದ್ದೆ ಬಟ್ಟೆ ಹಿಡಿದು ಬಾಗಿಲಿನ ಧೂಳು ಒರೆಸುತ್ತಿದ್ದುದನ್ನು ನಾನು ನೋಡಿದ್ದೇನೆ. ಅಕ್ಷರಗಳ ಸುತ್ತ ಮಾತ್ರ ಒರೆಸಿದ್ದ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸುತ್ತ ಶೆಡ್ಡುಗಳು ಎದ್ದಿದ್ದವು. ನಮ್ಮೂರಿನ ಹುಡುಗರು ಹೆಲ್ಪರುಗಳಾಗಿ, ಆಪರೇಟರುಗಳಾಗಿ ಸೇರುತ್ತಿದ್ದರು. ನಾನು ಅರ್ಜಿ ಹಾಕಿದ್ದು ಆಫೀಸಿನ ಒಳಗಿನ ಕೆಲಸಕ್ಕೆ. ತಗಡು ಒತ್ತಿ ಬಿಡಿಭಾಗ ಮಾಡುವ ಕಾರ್ಖಾನೆ ಅದು. ಸಾಲಾಗಿ ಪವರ್ ಪ್ರೆಸ್ಸುಗಳು, ಒಂದೊಂದೂ ಆಳೆತ್ತರಕ್ಕಿಂತ ದೊಡ್ಡವು. ಆಪರೇಟರು ತಗಡನ್ನು ಅಚ್ಚಿನ ಕೆಳಗೆ ಇಡಬೇಕು, ಕೈ ತೆಗೆಯಬೇಕು, ಕಾಲಿನಲ್ಲಿ ಪೆಡಲು ಒತ್ತಬೇಕು, ಮೇಲಿನ ಅಚ್ಚು ಬಂದು ಬಡಿಯುತ್ತದೆ. ದಿನಕ್ಕೆ ಸಾವಿರಾರು ಸಲ. ಸದ್ದು ಹೊರಗಿನ ರಸ್ತೆಗೂ ಕೇಳುತ್ತಿತ್ತು. ಒಳಗೆ ಅದು ಕಿವಿಗೆ ಕೇಳುವ ಸದ್ದಾಗಿ ಉಳಿಯುತ್ತಿರಲಿಲ್ಲ, ಹಲ್ಲಿನೊಳಗೆ ಕೂರುತ್ತಿತ್ತು.

ಸಂದರ್ಶನಕ್ಕೆ ಹೋದವನ ಕೈಗೆ ಪ್ರಶ್ನೆಗಳ ಪುಸ್ತಕವೊಂದನ್ನು ಕೊಟ್ಟರು. ಬೊಂಬಾಯಿಯಿಂದ ಒಬ್ಬ ತಜ್ಞರನ್ನು ಕರೆಸಿದ್ದರು. ಯಾರ ಸ್ವಭಾವ ಯಾವ ಕೆಲಸಕ್ಕೆ ಸರಿ ಎಂದು ಅಳೆಯುವ ಪರೀಕ್ಷೆ. ನೂರಿಪ್ಪತ್ತು ಪ್ರಶ್ನೆ, ಎಲ್ಲಕ್ಕೂ ಹೌದು ಅಥವಾ ಇಲ್ಲ.

“ಇದು ಪರೀಕ್ಷೆ ಅಲ್ಲ ಕಣ್ರೀ,” ಎಂದರು ಮ್ಯಾನೇಜರು. “ರೈಟು ರಾಂಗು ಏನೂ ಇಲ್ಲ. ಮನಸ್ಸಲ್ಲಿರೋದು ಟಿಕ್ ಮಾಡಿ, ಅಷ್ಟೆ.”

ಸರಿ ತಪ್ಪು ಇಲ್ಲ ಎಂದು ಯಾರು ಹೇಳುತ್ತಾರೋ ಅವರ ಹತ್ತಿರ ಮಾರ್ಕು ಬಚ್ಚಿಟ್ಟಿರುತ್ತದೆ. ಒಂದೊಂದು ತರಗತಿಯನ್ನೂ ಗುದ್ದಾಡಿ ದಾಟಿ ಬಂದವನಿಗೆ ಇಷ್ಟು ಗೊತ್ತಿರುತ್ತದೆ. ನಾನು ಹುಷಾರಾಗಿ ಟಿಕ್ ಮಾಡುತ್ತ ಹೋದೆ. ಹೊಸಬರ ಜೊತೆ ಮಾತಾಡಲು ಇಷ್ಟವೇ, ಹೌದು. ಸಣ್ಣ ವಿಷಯಕ್ಕೆ ಸಿಟ್ಟು ಬರುತ್ತದೆಯೇ, ಇಲ್ಲ. ಐವತ್ತೆರಡನೆಯದು ಹೀಗಿತ್ತು: ಬೇರೆಯವರಿಗೆ ಕೇಳದ ಧ್ವನಿಗಳು ನಿಮಗೆ ಕೇಳುತ್ತವೆಯೇ?

ಅಲ್ಲಿ ಪೆನ್ನು ನಿಂತಿತು.

ನನಗೆ ಅಪ್ಪ ಕರೆದದ್ದು ಕೇಳುತ್ತಿತ್ತು. ಬದುಕಿದ್ದ ಅಪ್ಪ, ಮನೆಯಲ್ಲಿದ್ದ ಅಪ್ಪ. ಕಾಲೇಜಿನ ಲೈಬ್ರರಿಯಲ್ಲಿ ಕೂತಿದ್ದಾಗ, ಬಸ್ಸಿನ ಇಂಜಿನ್ನು ಗುರುಗುಟ್ಟುವಾಗ, ನನ್ನ ಹೆಸರಿನ ಮೊದಲಕ್ಷರ ನುಂಗಿ ಕೊನೆಯದನ್ನು ಎಳೆದು, ಹೊಲದ ಬದುವಿನ ಮೇಲೆ ನಿಂತು ಕರೆದ ಹಾಗೆ. ಬಂದು ನೊಗ ಹಿಡಿ ಎನ್ನುವ ದನಿ. ಊರಿನಲ್ಲಿ ಇದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. “ಯಾರೋ ಕರ್ದಂಗಾಯ್ತು” ಎನ್ನುವುದು “ಸೀನು ಬಂತು” ಎಂದಷ್ಟೇ ಮಾಮೂಲಿ ಮಾತು. ಅದಕ್ಕೊಂದು ಕಟ್ಟಳೆಯೂ ಇತ್ತು. ಕರೆದ ತಕ್ಷಣ ಓ ಎನ್ನಬಾರದು. ಮನುಷ್ಯರಲ್ಲದವು ಎರಡೇ ಸಲ ಕರೆಯುತ್ತವೆ, ಮೂರನೇ ಸಲ ಕರೆಯಲು ಅವಕ್ಕೆ ಬರುವುದಿಲ್ಲ. ಆದ್ದರಿಂದ ಮೂರನೆಯ ಕರೆಗೆ ಓ ಅನ್ನು. ನಮ್ಮಜ್ಜಿ ನನಗೆ ಎಣಿಕೆ ಕಲಿಸಿದ್ದೇ ಹಾಗೆ.

ಆದರೆ ಇದನ್ನೆಲ್ಲ ಬರೆಯಲು ಅಲ್ಲಿ ಜಾಗವಿರಲಿಲ್ಲ. ಎರಡು ಚೌಕ ಇದ್ದವು. ಬಿ.ಎ. ಆದವನಿಗೆ ಯಾರೂ ಕರೆಯುವುದು ಕೇಳಬಾರದು ಎಂದು ನನಗೆ ಅನಿಸಿತು. ‘ಇಲ್ಲ’ ಎಂದು ಟಿಕ್ ಮಾಡಿದೆ. ನಿಜ ಹೇಳುವವನು ಎಂದು ಬರೆದುಕೊಟ್ಟರು.

ಕೆಲಸಕ್ಕೆ ಸೇರಿದ ಮೊದಲ ವಾರ ರಜೆ ಅರ್ಜಿಯೊಂದಕ್ಕೆ ಸಹಿ ಹಾಕಿಸಲು ಪ್ರೆಸ್ ಶೆಡ್ಡಿಗೆ ಹೋದೆ. ಅರ್ಜಿ ನನ್ನ ಗೆಳೆಯನದು. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಎಂಟನೇ ಕ್ಲಾಸಿಗೆ ಅವನು ಬಿಟ್ಟ, ನಾನು ಮುಂದೆ ಹೋದೆ. ಅವನು ನನಗಿಂತ ಮೂರು ವರ್ಷ ಮೊದಲೇ ಅಲ್ಲಿ ಸೇರಿ ಪ್ರೆಸ್ ಆಪರೇಟರ್ ಆಗಿದ್ದ. ಆ ಶೆಡ್ಡಿನಲ್ಲಿ ಹಳಬರಿಗೆ ಒಂದಾದರೂ ಬೆರಳು ಮೊಂಡಾಗಿರುತ್ತಿತ್ತು. ‘ಹತ್ತು ಬೆರಳಿನವನು’ ಎನ್ನುವುದು ಅಲ್ಲಿ ಒಂದು ಬಿರುದು. ಗೆಳೆಯ ಹತ್ತು ಬೆರಳಿನವನು.

ಹಿಂದೆ ನಿಂತು ಅವನನ್ನು ಕರೆದೆ. ತಿರುಗಲಿಲ್ಲ. ಜೋರಾಗಿ ಕರೆದೆ. ತಲೆ ಕೂಡ ಅಲುಗಲಿಲ್ಲ. ಮೂರನೇ ಸಲ ಕರೆದಾಗ ಪೆಡಲಿನಿಂದ ಕಾಲು ತೆಗೆದ, ಸ್ವಿಚ್ಚು ಆರಿಸಿದ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ, ಆಮೇಲೆ ತಿರುಗಿದ.

“ಓಹೋ, ಬಿ.ಎ. ಸಾಯೇಬ್ರು! ಏನು, ಶೆಡ್ಡಿಗೆ ದಯ ಮಾಡ್ಸಿದ್ರಿ?”

“ಕಿವುಡಾಗಿದ್ಯೇನ್ಲಾ? ಎರಡು ಸಲ ಕರೆದೆ.”

“ಎಲ್ಡು ಸಲ ಕರೆಯೋದು ಅದು. ಮೂರ್ನೇದು ಮನ್ಸ. ಮರ್ತ್ಬುಟ್ಟಾ, ಓದಿ ಓದಿ?” ಎಂದು ನಕ್ಕ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ: “ಈ ಸದ್ದೊಳ್ಗೆ ದಿನಾ ಕರೀತದೆ ಕಣ್ಲಾ. ದಿನಕ್ಕೆ ನಾಕೈದ್ ಕಿತ, ಒಂದೊಂದ್ ಕಿತಕ್ಕೂ ಎಲ್ಡೇ ಸಲ. ಕರ್ದ್ ಕೂಡ್ಲೆ ತಿರುಗ್ದೋರ್ದೆಲ್ಲ ಓಗೈತೆ ನೋಡು,” ಎಂದು ಬೆರಳು ಮಡಚಿ ತೋರಿಸಿದ.

ಅಜ್ಜಿಯ ಕಟ್ಟಳೆ ಪ್ರೆಸ್ಸಿನ ಮುಂದೆ ಬೆರಳು ಕಾಯುವ ಕೆಲಸ ಮಾಡುತ್ತಿತ್ತು. ಹೊಸದಾಗಿ ಸೇರಿದವರಿಗೆಲ್ಲ ಅವನು ಇದನ್ನೇ ಹೇಳಿಕೊಡುತ್ತಿದ್ದ. ತಮಿಳಿನವರಿಗೂ ಹೇಳುತ್ತಿದ್ದ, ತೆಲುಗಿನವರಿಗೂ ಹೇಳುತ್ತಿದ್ದ. ಅದು ಒಂದು ಕೆಲಸದ ರೀತಿಯೇ ಆಗಿಹೋಗಿತ್ತು.

ಮುಂದಿನ ವರ್ಷ ಆ ಶೆಡ್ಡಿನಲ್ಲಿ ಚಾರ್ಜ್‌ಹ್ಯಾಂಡ್ ಹುದ್ದೆ ಖಾಲಿಯಾಯಿತು. ಹತ್ತಾರು ಆಪರೇಟರುಗಳ ಮೇಲೆ ಒಬ್ಬ ಚಾರ್ಜ್‌ಹ್ಯಾಂಡ್ ಇರುತ್ತಾನೆ. ಗೆಳೆಯನಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ತಜ್ಞರ ಪರೀಕ್ಷೆ ಆಫೀಸಿನವರಿಗೆ ಮಾತ್ರ ಯಾಕೆ, ಶೆಡ್ಡಿನವರಿಗೂ ಆಗಲಿ ಎಂದು ಮೇಲಿನವರು ತೀರ್ಮಾನಿಸಿದರು. ಶೆಡ್ಡಿನವರಿಗೆ ಇಂಗ್ಲಿಷ್ ಬಾರದು. ಮ್ಯಾನೇಜರು ನನ್ನನ್ನು ಕರೆದು ಪುಸ್ತಕ ಕೈಗಿಟ್ಟರು.

“ನೀವು ಲೋಕಲ್ಲು, ಗ್ರ್ಯಾಜುಯೇಟ್ ಬೇರೆ. ನೀಟಾಗಿ ಕನ್ನಡಕ್ಕೆ ಮಾಡಿಬಿಡಿ. ಅವರಿಗೆ ಅರ್ಥ ಆಗೋ ಹಾಗೆ ಇರಲಿ.”

ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪ್ರಶ್ನೆಯನ್ನು ಕನ್ನಡ ಮಾಡಿದೆ. ಐವತ್ತೆರಡಕ್ಕೆ ಬಂದಾಗ ‘ಧ್ವನಿಗಳು’ ಎಂದು ಬರೆದು ಹೊಡೆದುಹಾಕಿದೆ. ಧ್ವನಿ ಎಂದರೆ ನಮ್ಮ ಜನ ರೇಡಿಯೋ ಅಂದುಕೊಳ್ಳುತ್ತಾರೆ ಎನಿಸಿತು. ಅವರಿಗೆ ಅರ್ಥ ಆಗೋ ಹಾಗೆ ಇರಲಿ ಎಂದಿದ್ದರಲ್ಲ. ಯೋಚಿಸಿ ಹೀಗೆ ಬರೆದೆ: ಯಾರೂ ಇಲ್ಲದಿರುವಾಗ ನಿಮ್ಮ ಹೆಸರು ಹಿಡಿದು ಕರೆದಂತೆ ನಿಮಗೆ ಕೇಳಿಸುತ್ತದೆಯೇ?

ಬರೆದು ಓದಿಕೊಂಡಾಗ ಬಹಳ ಚೆನ್ನಾಗಿದೆ ಎನಿಸಿತು. ಇಂಗ್ಲಿಷಿಗಿಂತ ಚೆನ್ನಾಗಿದೆ ಎನಿಸಿತು. ಹೆಸರು ಹಿಡಿದು ಕರೆಯುವ ಮಾತು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಅದು ನನ್ನ ಕಿವಿಯಿಂದ ಬಂದದ್ದು. ನನ್ನ ಸರದಿಯಲ್ಲಿ ಯಾವುದಕ್ಕೆ ‘ಇಲ್ಲ’ ಎಂದಿದ್ದೆನೋ ಅದನ್ನೇ ಕನ್ನಡದಲ್ಲಿ ಇನ್ನೊಬ್ಬರ ಮುಂದೆ ಇಟ್ಟಿದ್ದೆ. ಇದು ನನಗೆ ಹೊಳೆದದ್ದು ತಡವಾಗಿ, ಉತ್ತರ ಪತ್ರಿಕೆ ಕೈಗೆ ಬಂದ ಮೇಲೆ.

ಮೂವರು ಬರೆದರು. ಗೆಳೆಯ ನಾಲಿಗೆ ಕಚ್ಚಿಕೊಂಡು, ಪ್ರೆಸ್ಸಿನ ಮುಂದೆ ಕೂತಷ್ಟೇ ಜೋಪಾನವಾಗಿ ಬರೆದ. ಉತ್ತರ ಪತ್ರಿಕೆ ನೋಡುವ ಕೆಲಸ ನನ್ನದೇ. ತೂತು ಕೊರೆದ ರಟ್ಟೊಂದು ಇರುತ್ತಿತ್ತು. ಅದನ್ನು ಪತ್ರಿಕೆಯ ಮೇಲಿಟ್ಟರೆ ಬೇಕಾದ ಟಿಕ್ಕುಗಳು ಮಾತ್ರ ತೂತಿನೊಳಗೆ ಕಾಣುತ್ತವೆ, ಎಣಿಸಬೇಕು. ಕೆಲವು ತೂತಿನ ಸುತ್ತ ಕೆಂಪು ಬಳೆ ಇತ್ತು. ಅಲ್ಲಿ ಒಂದು ಟಿಕ್ ಕಂಡರೂ ಮಿಕ್ಕದ್ದು ಎಣಿಸುವ ಹಾಗೇ ಇಲ್ಲ, ಪತ್ರಿಕೆ ನೇರವಾಗಿ ತಜ್ಞರಿಗೆ ಹೋಗಬೇಕು.

ಐವತ್ತೆರಡರ ‘ಹೌದು’ ಚೌಕದ ಮೇಲೆ ಕೆಂಪು ಬಳೆಯಿತ್ತು. ಅದರೊಳಗೆ ಗೆಳೆಯನ ಟಿಕ್ ಇತ್ತು. ಒತ್ತಿ ಬರೆದಿದ್ದ, ಹಿಂದಿನ ಹಾಳೆಗೂ ಅಚ್ಚು ಬಿದ್ದಿತ್ತು.

ಹದಿನೈದು ದಿನಕ್ಕೆ ವರದಿ ಬಂತು. ಮನಸ್ಸು ಸ್ಥಿರವಿಲ್ಲ, ಭ್ರಮೆಯ ಲಕ್ಷಣ ಇರಬಹುದು, ಜನರ ಮೇಲ್ವಿಚಾರಣೆಗೆ ತಕ್ಕವನಲ್ಲ, ಅಪಾಯದ ಯಂತ್ರದ ಮುಂದೆ ಕೂರಿಸಬಾರದು. ಮ್ಯಾನೇಜರು ಬಾಗಿಲು ಮುಂದೆ ಮಾಡಿ ನನ್ನನ್ನು ಕೇಳಿದರು: “ನಿಮ್ಮ ಊರಿನವನಲ್ಲವಾ? ಮೆಂಟಲ್ ಪ್ರಾಬ್ಲಂ ಏನಾದ್ರೂ ಇದೆಯೇನ್ರೀ? ನನಗಂತೂ ನಂಬೋಕೆ ಆಗ್ತಿಲ್ಲ.”

ಅವರು ಒಳ್ಳೆಯವರು. ನಾನು ಹೇಳಿದ್ದರೆ ಕೇಳುತ್ತಿದ್ದರು. ಸಾರ್, ಇದು ನಮ್ಮ ಕಡೆ ಎಲ್ಲರಿಗೂ ಕೇಳುತ್ತದೆ, ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ ನಾನೇ ತಿರುಚಿಬಿಟ್ಟೆ, ಅವನ ಬೆರಳು ಉಳಿದಿರುವುದೇ ಆ ಕರೆಗೆ ತಿರುಗದ್ದರಿಂದ ಎಂದು ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು. ಆಮೇಲೆ ಅವರು ನನ್ನನ್ನು ನೋಡಿ, ಹಾಗಾದರೆ ನಿಮಗೂ ಕೇಳುತ್ತದಾ ಎನ್ನುತ್ತಿದ್ದರು. ನನ್ನ ಫೈಲು ಅವರ ಬೀರುವಿನಲ್ಲೇ ಇತ್ತು. ಇನ್ನು ಅನುವಾದ ತಪ್ಪು ಎಂದುಬಿಟ್ಟರೆ ಹಾಲಿನವನ ಮಗನಿಗೆ ಇಂಗ್ಲಿಷ್ ಬರುವುದಿಲ್ಲ ಎಂದಾಗುತ್ತದೆ.

“ಗೊತ್ತಿಲ್ಲ ಸಾರ್,” ಎಂದೆ.

ಅವನನ್ನು ಪ್ರೆಸ್ಸಿನಿಂದ ಎಬ್ಬಿಸಿ ಹಿಂದಿನ ಅಂಗಳದಲ್ಲಿ ತಗಡಿನ ಚೂರು ಬೇರ್ಪಡಿಸುವ ಕೆಲಸಕ್ಕೆ ಹಾಕಿದರು. ಆದೇಶ ಟೈಪು ಮಾಡಿದ್ದು ನಾನು. ಅದನ್ನು ಹಿಡಿದುಕೊಂಡು ಅವನು ನನ್ನ ಮೇಜಿನ ಮುಂದೆ ಬಂದು ನಿಂತ.

“ಏನ್ ತಪ್ಪು ಬರ್ದೆ ಅಂತ ಯೋಳ್ಲಾ.”

“ತಪ್ಪು ಅಂತ ಅಲ್ಲ. ಸ್ವಭಾವ ನೋಡ್ತಾರೆ.”

“ನನ್ ಸೊಬಾವ ನಿಂಗೊತ್ತಿಲ್ವಾ? ಒಟ್ಟಿಗೆ ಬೆಳ್ದಿಲ್ವಾ?”

ನಾನು ಸುತ್ತ ನೋಡಿ ದನಿ ತಗ್ಗಿಸಿ ಹೇಳಿದೆ: “ಕರೆದಂಗೆ ಕೇಳ್ಸುತ್ತೆ ಅಂತ ಬರೆದಿದ್ಯಲ್ಲ, ಅದು.”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ನಗು ಬಂದ ಹಾಗಾಯಿತು, ನಿಂತಿತು. “ಅದ್ರಾಗೇನೈತೆ? ಎಲ್ರಿಗೂ ಕೇಳುಸ್ತದಲ್ಲ.” ನನ್ನ ಮುಖ ನೋಡಿದ. “ನಿಂಗೆ ಕೇಳ್ಸಲ್ವಾ?”

“ಇಲ್ಲ,” ಎಂದೆ.

ಈ ಸಲ ಟಿಕ್ ಅಲ್ಲ, ಬಾಯಿಯಲ್ಲಿ ಹೇಳಿದ್ದು. ಹೇಳುವಾಗ ಗಾಜಿನ ಆಚೆ ಪ್ರೆಸ್ಸುಗಳು ಬಡಿಯುತ್ತಿದ್ದವು, ಅವುಗಳ ನಡುವೆ ಅಪ್ಪ ನನ್ನನ್ನು ಕರೆಯುತ್ತಿದ್ದ.

ಗೆಳೆಯ ಕೈಯಲ್ಲಿದ್ದ ಆದೇಶವನ್ನು ಮತ್ತೊಮ್ಮೆ ನೋಡಿದ. “ಅಂಗಾದ್ರೆ ನಂಗೇ ಏನೋ ಆಗೈತೆ,” ಎಂದ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಸುದ್ದಿ ಹೇಗೋ ಶೆಡ್ಡಿಗೆ ಮುಟ್ಟಿತು. ಶೆಡ್ಡಿನವರು ಕೆಟ್ಟವರಲ್ಲ, ಆದರೆ ಬಾಯಿ ಸುಮ್ಮನಿರುವುದಿಲ್ಲ. ಚಹಾ ಹೊತ್ತಿನಲ್ಲಿ ಅವನು ಹಾದುಹೋದರೆ, “ಗುರು, ಯಾರೋ ಕರೀತಾವ್ರೆ ನೋಡು,” ಎನ್ನುತ್ತಿದ್ದರು. “ಮಗಾ, ಕರೆಯೋರ್ನ ಕೇಳೋ, ನನ್ ಪರ್ಮನೆಂಟ್ ಲೆಟರ್ ಯಾವಾಗ ಬತ್ತದೆ ಅಂತ.” ಅವನು ಮೊದಮೊದಲು ಬೈದ, ಆಮೇಲೆ ಬೈಯುವುದನ್ನು ಬಿಟ್ಟ. ಅವನಿಂದಲೇ ಮೂರನೇ ಕರೆಯ ಪಾಠ ಕಲಿತವರು ಇವರು. ತಮಗೂ ಕೇಳುತ್ತದೆ ಎಂದು ಒಬ್ಬನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಫೇಲಾಗುವ ಮಾತು ಅದು ಎಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನನ್ನ ಹಾಗೆ ಎಷ್ಟು ಜನ ಇದ್ದರೋ.

ನಾನು ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯಲು ಹೋಗುವ ದಾರಿಯಲ್ಲಿ ಆ ಅಂಗಳ ಕಾಣುತ್ತಿತ್ತು. ಬಿಸಿಲಿನಲ್ಲಿ ತಗಡಿನ ಚೂರಿನ ರಾಶಿ ಕಣ್ಣು ಕುಕ್ಕುತ್ತಿತ್ತು. ಅದರ ಪಕ್ಕ ಅವನು ಕುಕ್ಕುರುಗಾಲಲ್ಲಿ ಕೂತು, ಆಗಾಗ ಕೈ ನಿಲ್ಲಿಸಿ ಶೆಡ್ಡಿನ ಕಡೆ ಕಿವಿ ಕೊಟ್ಟು ಕೇಳುತ್ತಿದ್ದ. ಹಳೆಯ ಕೆಲಸದ ಮೇಲಿನ ಆಸೆ ಎಂದುಕೊಂಡೆ. “ಪ್ರೆಸ್ಸಿಗೆ ಆಕ್ಸೋ, ಚಾರ್ಜ್‌ಹ್ಯಾಂಡು ಅಲ್ದಿದ್ರೆ ಬುಡು, ಪ್ರೆಸ್ಸಿಗೆ ಆಕ್ಸು,” ಎಂದು ಎರಡು ಮೂರು ಸಲ ಕೇಳಿದ. ನೋಡೋಣ ಎಂದೆ. ಸಿಬ್ಬಂದಿ ವಿಭಾಗದಲ್ಲಿ ಮೊದಲು ಕಲಿಯುವ ಮಾತು ‘ನೋಡೋಣ’.

ಒಂದೂವರೆ ವರ್ಷದ ಮೇಲೆ, ಅವನ ಬದಲು ಚಾರ್ಜ್‌ಹ್ಯಾಂಡ್ ಆಗಿದ್ದವನು ಬೇರೆ ಕಾರ್ಖಾನೆಗೆ ಹೋದ. ಮತ್ತೆ ಪರೀಕ್ಷೆ. ನಾನು ಮ್ಯಾನೇಜರ ಹತ್ತಿರ ಮಾತಾಡಿ ಗೆಳೆಯನಿಗೆ ಇನ್ನೊಂದು ಅವಕಾಶ ಕೊಡಿಸಿದೆ. ಅಷ್ಟು ಧೈರ್ಯ ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹಿಂದಿನ ದಿನ ಅವನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದೆ.

“ಐವತ್ತೆರಡನೇದಕ್ಕೆ ಇಲ್ಲ ಅಂತ ಹಾಕು.”

“ಸುಳ್ಳು ಬರಿ ಅಂತೀಯಾ?”

“ಒಂದು ಟಿಕ್ಕು ಕಣ್ಲಾ. ಯಾರಿಗೇನು ನಷ್ಟ?”

ಅವನು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ತಿಕ್ಕುತ್ತ ನಿಂತ. “ಬರ್ದ್ಬುಟ್ರೆ ಶೆಡ್ಡಿನ್ ಒಳಕ್ಕೆ ಓಗ್ಬೌದಾ?”

“ಚಾರ್ಜ್‌ಹ್ಯಾಂಡಾಗಿ ಹೋಗ್ಬಹುದು.”

“ಆಯ್ತು,” ಎಂದ.

ಮರುದಿನ ಬರೆದ. ರಟ್ಟು ಇಟ್ಟು ನೋಡಿದೆ. ಕೆಂಪು ಬಳೆಯೊಳಗೆ ಖಾಲಿ ಕಾಗದ. ಒಮ್ಮೆ ‘ಹೌದು’ ಚೌಕಕ್ಕೆ ಪೆನ್ನು ತಾಗಿಸಿ ಎತ್ತಿದ ಸಣ್ಣ ಚುಕ್ಕೆ ಇತ್ತು, ಅದು ಟಿಕ್ ಅಲ್ಲ. ವರದಿ ಬಂತು: ಮನಸ್ಸು ಸ್ಥಿರವಾಗಿದೆ. ಗಣನೀಯ ಸುಧಾರಣೆ. ಮ್ಯಾನೇಜರು ಖುಷಿಯಾಗಿ, “ನೋಡಿದ್ರಾ, ರೆಸ್ಟು ಸಿಕ್ಕಿ ಸರಿಹೋಗಿದ್ದಾನೆ,” ಎಂದರು. ಖಾಕಿ ಅಂಗಿಯ ಬದಲು ನೀಲಿ ಅಂಗಿ ಹಾಕಿಕೊಂಡು ಅವನು ಶೆಡ್ಡಿನೊಳಗೆ ಹೋದ. ನನ್ನ ತಲೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ.

ಒಂದು ತಿಂಗಳಾಗಿರಬಹುದು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಕಾಂಪೌಂಡಿನ ಗೋಡೆಯ ಪಕ್ಕದ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ಅವನ ಡಬ್ಬಿಯಲ್ಲಿ ಮುದ್ದೆ ಹಾಗೇ ಇತ್ತು. ಸೊರಗಿದ್ದ.

“ನಿಂತೋಯ್ತು ಕಣ್ಲಾ,” ಎಂದ.

“ಏನು?”

“ಕರೆಯೋದು. ಒಂದ್ ತಿಂಗ್ಳಿಂದ ಶೆಡ್ಡೊಳ್ಗೇ ನಿಂತಿವ್ನಿ. ಎಲ್ಲಾ ಪ್ರೆಸ್ಸು ಓಡ್ತವೆ. ಬರೀ ಸದ್ದು. ಏನೂ ಇಲ್ಲ.”

ಒಳ್ಳೆಯದೇ ಆಯಿತಲ್ಲ ಎನ್ನಲು ಬಾಯಿ ತೆರೆದಿದ್ದೆ.

“ಅಕ್ಕ ಅದು,” ಎಂದ.

ಅವನ ಅಕ್ಕ ನನಗೂ ಗೊತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು. ನಾವಿಬ್ಬರೂ ಶಾಲೆಯಿಂದ ಬರುವುದು ತಡವಾದರೆ ಕಣದ ಹತ್ತಿರ ನಿಂತು ಅವನ ಹೆಸರು ಕೂಗುವವಳು. ಅವನು ಕಾರ್ಖಾನೆಗೆ ಸೇರಿದ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದಳು. ಸತ್ತ ಒಂದು ತಿಂಗಳಿಗೆ ಪ್ರೆಸ್ಸಿನ ಸದ್ದಿನೊಳಗೆ ಅವಳು ಕರೆದದ್ದು ಕೇಳಿತಂತೆ. ಕಣದ ಹತ್ತಿರ ನಿಂತು ಕರೆಯುತ್ತಿದ್ದ ಹಾಗೆಯೇ, ಎರಡು ಸಲ. ತಿರುಗಬೇಕು ಎನಿಸುತ್ತಿತ್ತಂತೆ, ಓ ಎನ್ನಬೇಕು ಎನಿಸುತ್ತಿತ್ತಂತೆ. ಕಟ್ಟಳೆ ಇದೆಯಲ್ಲ, ತಿರುಗುತ್ತಿರಲಿಲ್ಲ. ಮೂರನೇ ಸಲ ಕರೆಯುತ್ತಾಳೇನೋ ಎಂದು ಕಾಯುತ್ತಿದ್ದನಂತೆ. ಬೇರೆಲ್ಲೂ ಕೇಳುತ್ತಿರಲಿಲ್ಲ. ಹಿಂದಿನ ಅಂಗಳದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅದಕ್ಕೇ ಪ್ರೆಸ್ಸಿಗೆ ಹಾಕಿಸು ಎಂದು ನನ್ನನ್ನು ಗೋಗರೆದದ್ದು.

“ಮೊದ್ಲು ಯಾಕೆ ಹೇಳಲಿಲ್ಲ?”

“ನಿಂಗೆ ಕೇಳ್ಸಲ್ಲ ಅಂದ್ಯಲ್ಲ, ಏನಂತ ಯೋಳ್ಲಿ? ಉಚ್ಚು ಅಂತಿದ್ದೆ.” ಡಬ್ಬಿಯ ಮುಚ್ಚಳ ಹಾಕಿದ, ತೆಗೆದ. “ಇಲ್ಲ ಅಂತ ಬರ್ದ್ನಲ್ಲ, ಅದು ಅವ್ಳಿಗೆ ಗೊತ್ತಾಗೋಯ್ತು. ಇಲ್ಲ ಅಂದೋರ ಮನೆ ಬಾಗ್ಲಿಗೆ ಯಾರ್ ಬತ್ತಾರೆ?”

ನಾನು ಓದಿದವನು. ಕಾಗದದ ಮೇಲಿನ ಟಿಕ್ಕಿಗೂ ಸತ್ತವರಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಒಂದೂವರೆ ವರ್ಷ ಸದ್ದಿನಿಂದ ದೂರವಿದ್ದು ಕಿವಿಯ ಅಭ್ಯಾಸ ತಪ್ಪಿರಬಹುದು ಎನ್ನಬಹುದಿತ್ತು. ಒಂದೂ ಹೇಳಲಿಲ್ಲ. ಅವನ ಸಂಕಟ ನೋಡಲಾರದೆ, ಸಮಾಧಾನವಾದೀತು ಎಂದು, ನಿಜ ಹೇಳಿದೆ.

“ನನಗೆ ಕೇಳ್ಸುತ್ತೆ ಕಣ್ಲಾ.”

ಅವನು ತಲೆಯೆತ್ತಿದ. “ಏನು?”

“ಕರೆಯೋದು. ಮೊದಲಿಂದ ಕೇಳ್ಸುತ್ತೆ.”

“ಅವತ್ತು ನಾನು ಕೇಳ್ದಾಗ?”

“ಆಗಲೂ.”

“ಈಗ್ಲೂ ಕೇಳುಸ್ತದಾ?”

ಹೌದು ಎಂದು ತಲೆಯಾಡಿಸಿದೆ.

“ಯಾರು?”

“ಅಪ್ಪ.”

ಅವನು ಡಬ್ಬಿ ಕೆಳಗಿಟ್ಟ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

“ನಿಮ್ಮಪ್ಪ ಮನೇಲವ್ನೆ,” ಎಂದ ಕೊನೆಗೆ. “ಓಗಿ ಮಾತಾಡ್ಸ್ಬೌದು ನೀನು.”

ಎದ್ದು, ಲುಂಗಿ ಕೊಡವುವ ಹಾಗೆ ಪ್ಯಾಂಟು ಕೊಡವಿ, ತಿನ್ನದ ಡಬ್ಬಿ ಹಿಡಿದು ಶೆಡ್ಡಿಗೆ ಹೋದ.

ವಾರದೊಳಗೆ ಅವನ ಅರ್ಜಿ ನನ್ನ ಮೇಜಿಗೆ ಬಂತು. ಚಾರ್ಜ್‌ಹ್ಯಾಂಡ್ ಬೇಡ, ಹಳೆಯ ಪ್ರೆಸ್ಸಿಗೇ ಆಪರೇಟರಾಗಿ ಹಾಕಬೇಕು ಎಂದು. ಬಡ್ತಿ ಬೇಡ ಎಂದವರನ್ನು ಆ ಕಾರ್ಖಾನೆ ಅದುವರೆಗೆ ಕಂಡಿರಲಿಲ್ಲ. ಅರ್ಜಿಯ ನಮೂನೆಯಲ್ಲಿ ‘ಕಾರಣ’ ಎಂಬ ಜಾಗ ಖಾಲಿ ಬಿಟ್ಟಿದ್ದ. ಅವನನ್ನು ಕರೆಸಿದೆ. ಬಂದು ಬೇರೆಯವರೆಲ್ಲ ನಿಲ್ಲುವ ಕಡೆ ನಿಂತ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಕಾರಣ ಬರೆದಿಲ್ಲವಲ್ಲ?”

“ನೀವೇ ಏನಾರ ಬರ್ಕಳ್ಳಿ ಸಾರ್,” ಎಂದ. “ನಿಮ್ಗೆ ಬರೆಯಾಕ್ ಬತ್ತದೆ.”

ಸಾರ್ ಎಂದ. ಅಲ್ಲಿ ನಾವಿಬ್ಬರೇ ಇದ್ದೆವು, ಯಾರಿಗೂ ತೋರಿಸಲು ಹೇಳಿದ್ದಲ್ಲ. ಅಲ್ಲಿಂದ ಮುಂದೆ, ಊರಿನಲ್ಲಿ ಸಿಕ್ಕಾಗಲೂ, ಅಪ್ಪನ ಮಣ್ಣಿಗೆ ಬಂದಾಗಲೂ ಅವನು ನನ್ನನ್ನು ಸಾರ್ ಎಂದೇ ಕರೆದ. ಅಪ್ಪ ಹೋದ ಮೇಲೂ ನನಗೆ ಕರೆ ನಿಲ್ಲಲಿಲ್ಲ. ಅದನ್ನು ಹೇಳಿಕೊಳ್ಳಬಹುದಾಗಿದ್ದ ಒಬ್ಬನೇ ಮನುಷ್ಯ ಸಾರ್ ಎನ್ನುತ್ತಿದ್ದ.

‘ಸ್ವಂತ ಇಚ್ಛೆ’ ಎಂದು ಬರೆದು ಅರ್ಜಿ ಮೇಲಕ್ಕೆ ಕಳಿಸಿದೆ. ಮಂಜೂರಾಯಿತು. ಮುಂದಿನ ಎಷ್ಟೋ ವರ್ಷ ಅವನು ಅದೇ ಪ್ರೆಸ್ಸಿನ ಮುಂದೆ ಕೂತ. ನನ್ನ ಮೇಜಿನಿಂದ ಗಾಜಿನ ಆಚೆ ಅವನ ಬೆನ್ನು ಕಾಣುತ್ತಿತ್ತು. ತಗಡು ಇಡುವುದು, ಕೈ ತೆಗೆಯುವುದು, ಪೆಡಲು. ಕೆಲವು ಸಲ ತಗಡು ಇಟ್ಟು, ಕೈ ತೆಗೆದು, ಪೆಡಲು ಒತ್ತದೆ ಹಾಗೇ ಕೂತಿರುತ್ತಿದ್ದ. ತಲೆ ಒಂದಿಷ್ಟು ಎಡಕ್ಕೆ ವಾಲಿರುತ್ತಿತ್ತು. ಅವಳು ಮತ್ತೆ ಕರೆದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.